ಕಟವಪ್ರದ ಏಕಾಂತವೂ ಮಾರಸಿಂಹನ ಕೊನೆಯ ವರ್ಷವೂ

ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಕಟವಪ್ರ, ಕಳ್ವಪ್ಪು ಎಂಬ ಹೆಸರುಗಳು ಪ್ರಾಚೀನವಾದವು. ಅಲ್ಲಿಯ ಪಾರ್ಶ್ವನಾಥ ಬಸದಿಯ ಬಳಿ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವು ಆಚಾರ್ಯ ಪ್ರಭಾಚಂದ್ರರ ವೃತ್ತಾಂತವನ್ನು ತಿಳಿಸುತ್ತದೆ. ತಮ್ಮ ಆಯುಷ್ಯ ಅಲ್ಪವೆಂದರಿತ ಅವರು ಸಂಘವನ್ನೆಲ್ಲ ಬೀಳ್ಕೊಟ್ಟು, ಒಬ್ಬನೇ ಶಿಷ್ಯನೊಡನೆ ಈ ಬೆಟ್ಟದಲ್ಲಿ ನಿಂತು ಸಮಾಧಿಯನ್ನು ಸಾಧಿಸಿದರು. ಇವರೇ ಚಂದ್ರಗುಪ್ತ ಮೌರ್ಯನೆಂದು ಕೆಲವರ ಅಭಿಪ್ರಾಯ, ವಿದ್ವಾಂಸರಲ್ಲಿ ಮತಭೇದವುಂಟು. ಆ ಚರ್ಚೆ ಹೇಗೇ ಇರಲಿ, ಸಂಘವನ್ನು ನಡೆಸಿಕೊಂಡು ಬಂದ ಆಚಾರ್ಯರೇ ಸಂಘವನ್ನು ಬಿಟ್ಟುಕೊಟ್ಟು ಏಕಾಂತವನ್ನು ಆರಿಸಿಕೊಂಡರೆಂಬುದು ಮನನೀಯ.

ಅದೇ ಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ ಗಂಗದೊರೆ ಇಮ್ಮಡಿ ಮಾರಸಿಂಹನ ಚರಿತ್ರೆಯಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಉತ್ತರದಲ್ಲಿ ಗೆದ್ದು ಗುರ್ಜರಾಧಿರಾಜನೆನಿಸಿದ್ದು, ನೊಳಂಬರನ್ನು ಸದೆಬಡಿದು ನೊಳಂಬಕುಲಾಂತಕನೆನಿಸಿದ್ದು ಮುಂತಾದ ವಿಜಯಗಳನ್ನು ಶಾಸನಕಾರನು ವಿಸ್ತಾರವಾಗಿ ಹಾಡಿದ್ದಾನೆ. ಬಳಿಕ ಬರುವುದು ಕೆಲವೇ ಮಾತು: ರಾಜ್ಯವನ್ನು ತೊರೆದು ಒಂದು ವರ್ಷದ ಮೇಲೆ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ದೇಹವಿಟ್ಟನು. ಇದು ನಡೆದದ್ದು ಕ್ರಿ.ಶ. 974ರ ಸುಮಾರಿಗೆ.

ಆ ಒಂದು ವರ್ಷದ ಬಗೆಗೆ ಶಾಸನ ಮೌನವಾಗಿದೆ. ಕ್ರಿ.ಶ. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಕೆಡಹಿದ್ದನು. ಸೋದರಳಿಯ ನಾಲ್ಕನೆಯ ಇಂದ್ರನನ್ನು ಸಿಂಹಾಸನದಲ್ಲಿ ನೆಲೆಗೊಳಿಸಲು ಮಾರಸಿಂಹನು ಪಟ್ಟ ಶ್ರಮ ಫಲಿಸಲಿಲ್ಲ. ಆದುದರಿಂದ ಇದು ಸೋತವನ ವೈರಾಗ್ಯವೆಂದು ಹೇಳುವವರು ಇಲ್ಲದಿಲ್ಲ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಸಲ್ಲೇಖನದ ವಿಧಿಯನ್ನು ಬಲ್ಲವರು ಅಷ್ಟಕ್ಕೇ ತೃಪ್ತರಾಗಲಾರರು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ವ್ರತಿಯು ಸ್ನೇಹ, ವೈರ, ಪರಿಗ್ರಹಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ ಅವರಿಂದ ಕ್ಷಮೆ ಬೇಡಬೇಕು. ಅನಂತರ ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯ ಪಾಪಗಳನ್ನು ಕಪಟವಿಲ್ಲದೆ ಆಲೋಚಿಸಬೇಕು. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರಿಗೆ ಸಮ್ಮತಿಸಿದ್ದು ಎಲ್ಲವೂ ಇದರಲ್ಲಿ ಬರುತ್ತದೆ. ಸಾಮಾನ್ಯ ಗೃಹಸ್ಥನಿಗೇ ಇದು ಕಷ್ಟ. ದಂಡನ್ನು ನಡೆಸಿದ ಅರಸನ ಪಾಲಿಗೆ ‘ಕಾರಿತ’ವೆಂಬ ಒಂದು ಪದದ ಲೆಕ್ಕವೇ ಎಷ್ಟು ದೀರ್ಘವಾದೀತು! ಕಂಬದ ಮೇಲೆ ಬಿರುದುಗಳಾಗಿ ನಿಂತಿರುವ ಯುದ್ಧಗಳು ಗುರುವಿನ ಮುಂದೆ ದೋಷಗಳಾಗಿ ಬಂದಿರಬೇಕು. ಕುಲಾಂತಕನೆಂಬ ಬಿರುದನ್ನು ಆಲೋಚನೆಯ ಹೊತ್ತಿನಲ್ಲಿ ಹೇಗೆ ಉಚ್ಚರಿಸುವುದು? ಸೋಲು ಅವನನ್ನು ಸಿಂಹಾಸನದಿಂದ ಇಳಿಸಿರಬಹುದು, ಈ ಲೆಕ್ಕಕ್ಕೆ ಕೂರಿಸಲಾರದು.

ಇಂದ್ರನು ಇನ್ನೂ ಎಂಟು ವರ್ಷ ಬದುಕಿದನು. ಕ್ರಿ.ಶ. 982ರಲ್ಲಿ ಆತನೂ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಕೈಗೊಂಡನು. ಗಂಧವಾರಣ ಬಸದಿಯ ಬಳಿಯ ಕಂಬವೊಂದರಲ್ಲಿ ಆತನ ಶಾಸನವಿದ್ದು, ಅದರ ಹಲವು ಪದ್ಯಗಳು ಕುದುರೆಯೇರಿ ಚೆಂಡಾಡುವುದರಲ್ಲಿ ಅವನಿಗಿದ್ದ ಕೌಶಲವನ್ನು ಕೊಂಡಾಡುತ್ತವೆ.