ನರ್ಸಿನ ಕೈಗವಸು, ನಾಯಿಯ ಹೊಲಿಗೆ

ನಿಮ್ಮ ಮನೆಯ ನಾಯಿಗೆ ಆಪರೇಷನ್ ಆದಾಗ ಏನು ನೋಡಿದ್ದೀರಿ? ಬೋಳಿಸಿದ ಹೊಟ್ಟೆ, ಕೊರಳಲ್ಲಿ ಪ್ಲಾಸ್ಟಿಕ್ ಕೋನ್. ಒಳಗೆ ಡಾಕ್ಟರ್ ತೊಟ್ಟಿದ್ದ ರಬ್ಬರ್ ಕೈಗವಸು ನಿಮಗೆ ಕಂಡಿರುವುದಿಲ್ಲ. ಅದರ ಕತೆ ಶುರುವಾದದ್ದು ವಾಷಿಂಗ್ಟನ್ನಿನ ಪಕ್ಕದ ಬಾಲ್ಟಿಮೋರಿನಲ್ಲಿ.

1889ರಲ್ಲಿ ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್. ಅವರ ಆಪರೇಷನ್ ಕೋಣೆಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್, ದಕ್ಷಿಣ ಕ್ಯಾರೊಲಿನಾದ ದೊಡ್ಡ ಮನೆತನದವರು. (ಗುಲಾಮರ ದುಡಿಮೆಯಿಂದ ದೊಡ್ಡದಾದ ಮನೆತನ, ಅದನ್ನೂ ಹೇಳಿಬಿಡಬೇಕು.) ಆಗ ಆಂಟಿಬಯಾಟಿಕ್ ಇರಲಿಲ್ಲ. ರೋಗಾಣು ಸಾಯಲೆಂದು ಬರಿಗೈಯನ್ನು ಪಾದರಸದ ಲವಣ ಬೆರೆಸಿದ ನೀರಿನಲ್ಲಿ ಅದ್ದುತ್ತಿದ್ದರು. ಕ್ಯಾರೊಲಿನ್ ಅವರ ಕೈಯ ಚರ್ಮ ಉರಿದು ಕೆಟ್ಟಿತು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಕೈಗವಸು ಮಾಡಿಸಿಕೊಟ್ಟರು. 1890ರ ಜೂನ್‌ನಲ್ಲಿ ಇಬ್ಬರೂ ಮದುವೆಯಾದರು!

ತಮಾಷೆಯೆಂದರೆ, ಆ ಕೈಗವಸು ರೋಗಿಗಾಗಿ ಬಂದದ್ದೇ ಅಲ್ಲ, ನರ್ಸಿನ ಕೈ ಉಳಿಸಲು ಬಂದದ್ದು. ಹಾಲ್‌ಸ್ಟೆಡ್ ಅವರ ಶಿಷ್ಯ ಜೋಸೆಫ್ ಬ್ಲಡ್‌ಗುಡ್ ಹರ್ನಿಯಾ ಆಪರೇಷನ್ನುಗಳಲ್ಲಿ ತಪ್ಪದೆ ಅದನ್ನು ತೊಟ್ಟರು. ಗಾಯ ಕೀವು ಕಟ್ಟುವುದು ಬಹಳ ಕಡಿಮೆಯಾಯಿತೆಂದು ಅವರು ವರದಿ ಮಾಡಿದ್ದು 1899ರಲ್ಲಿ. ಎದುರಿಗೇ ಇದ್ದದ್ದನ್ನು ಕಾಣಲು ಹತ್ತು ವರ್ಷ ಬೇಕಾಯಿತು.

ಪ್ರಾಣಿಗಳ ಸರದಿ ಬಂದದ್ದು ಅದೇ ಆವರಣದಲ್ಲಿ. 1905ರಲ್ಲಿ ಹಾರ್ವೆ ಕುಶಿಂಗ್ ಹಂಟೇರಿಯನ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ನಾಯಿಗಳ ಮೇಲೆ ಸರ್ಜರಿ ಕಲಿಸತೊಡಗಿದರು. ನಾಯಿಯೆಂದು ಸಡಿಲ ಬಿಡಲಿಲ್ಲ. ಅರಿವಳಿಕೆ, ಶುಚಿ, ಆಮೇಲಿನ ಆರೈಕೆ, ದಾಖಲೆ ಎಲ್ಲವೂ ಮನುಷ್ಯರಿಗೆ ಮಾಡಿದಂತೆಯೇ ನಡೆಯಬೇಕು. ಊರಿನವರ ಕಾಯಿಲೆಬಿದ್ದ ಸಾಕುಪ್ರಾಣಿಗಳಿಗೂ ಅಲ್ಲಿ ಆಪರೇಷನ್ ಆಗುತ್ತಿತ್ತು. ಪ್ರಯೋಗಕ್ಕೆ ನಾಯಿಗಳನ್ನು ಬಳಸಿದ್ದು ಸರಿಯೇ ಎಂಬ ಜಗಳ ಆಗಲೂ ಇತ್ತು, ಈಗಲೂ ಇದೆ. ಆದರೆ ನಾಯಿಯ ಗಾಯಕ್ಕೂ ಶುದ್ಧ ಕೈ ಸಲ್ಲಬೇಕೆಂಬ ಆ ಹಟ ನನಗೆ ಹಿಡಿಸುತ್ತದೆ.

ಇವತ್ತು ಅಟ್ಲಾಂಟದಲ್ಲೋ ಶಾರ್ಲೆಟ್‌ನಲ್ಲೋ ನಿಮ್ಮ ವೆಟ್ ಮಾಡುವುದೂ ಅದನ್ನೇ, ಇನ್ನಷ್ಟು ಸೂಕ್ಷ್ಮವಾಗಿ. ಕೂದಲನ್ನು ಹಿಂದಿನ ದಿನವೇ ಬೋಳಿಸಿಡುವುದಿಲ್ಲ. ತರಚಿದ ಚರ್ಮದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅರಿವಳಿಕೆ ಕೊಟ್ಟ ಮೇಲೇ ಬೋಳಿಸಿ, ಕ್ಲೋರ್‌ಹೆಕ್ಸಿಡಿನ್‌ನಂಥ ಔಷಧದಿಂದ ತೊಳೆಯುತ್ತಾರೆ. ನಾಯಿಯ ಚರ್ಮದಲ್ಲೇ ವಾಸಿಸುವ ಒಂದು ಬಗೆಯ ಸ್ಟ್ಯಾಫಿಲೊಕಾಕಸ್‌ನ ಕೆಲವು ತಳಿಗಳು ಈಗ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗುವುದಿಲ್ಲ. ಅಂಥ ಕಡೆ ನಾವು ಮತ್ತೆ ಕುಶಿಂಗ್ ಕಾಲದಲ್ಲೇ ಇದ್ದೇವೆ.

ಮನೆಗೆ ಬಂದ ಮೇಲೆ ಪಾಳಿ ನಿಮ್ಮದು. ‘ಪಾಪ’ ಎಂದು ಅಜ್ಜಿ ಕೋನ್ ಬಿಚ್ಚಲು ಹೊರಟರೆ ತಡೆಯಿರಿ. ನೆಕ್ಕಬೇಡ ಎಂದರೆ ನಾಯಿ ಕೇಳೀತೇ? ದಿನಕ್ಕೆರಡು ಸಲ ಹೊಲಿಗೆ ನೋಡಿ, ಮುಟ್ಟಬೇಡಿ. ಕೆಂಪು ಹೆಚ್ಚಿದರೆ, ಊದಿದರೆ, ಕೀವು ಒಸರಿದರೆ ಅರಿಶಿನ ಹಚ್ಚುತ್ತ ಕೂರದೆ ವೆಟ್‌ಗೆ ಫೋನ್ ಮಾಡಿ.