ಪಣಂಬೂರಿಗೆ ಹೋದವರು ಹಳೆ ಬಂದರಿಗೂ ಹೋಗಿ

ಪುತ್ತೂರು, ಸುಳ್ಯ, ಕಡಬದಿಂದ ಮಂಗಳೂರಿಗೆ ಪ್ರವಾಸ ಹೋದಾಗ ನೀವು ಪಣಂಬೂರು ಕಡಲತೀರವನ್ನು ನೋಡಿಯೇ ನೋಡುತ್ತೀರಿ. ಅದರ ಪಕ್ಕದ ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಆದರೆ ಮಂಗಳೂರಿನ ಕಡಲ ವ್ಯಾಪಾರ ಅದಕ್ಕಿಂತ ಎಷ್ಟೋ ಹಳೆಯದು. ಅದನ್ನು ಅರಿಯಲು ಪೇಟೆಯ ಹಳೆ ಬಂದರಿಗೆ ಹೋಗಬೇಕು. ಉಪ್ಪಿನಂಗಡಿಯಲ್ಲಿ ನಮ್ಮ ಕುಮಾರಧಾರೆಯನ್ನು ಕೂಡಿಕೊಂಡ ನೇತ್ರಾವತಿ ಕಡಲು ಸೇರುವ ಅಳಿವೆ ಅಲ್ಲೇ ಸಮೀಪದಲ್ಲಿದೆ.

14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ಊರನ್ನು 'ಮಂಜರೂರ್' ಎಂದು ಕರೆದನು. ಫಾರ್ಸ್ ಮತ್ತು ಯೆಮನಿನ ವರ್ತಕರು ಬರುವ, ಕರಿಮೆಣಸು, ಶುಂಠಿ ಹೇರಳವಾಗಿರುವ, ಸುಮಾರು 4,000 ಮುಸ್ಲಿಮರಿರುವ ಊರೆಂದು ಬರೆದನು. ಅವನಿಗಿಂತ ಎರಡು ಶತಮಾನ ಮೊದಲೇ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ನೆಲೆಸಿದ್ದನು. ಅವನ ಪತ್ರಗಳು, ಲೆಕ್ಕಪತ್ರಗಳು ಕೈರೋದ ಯಹೂದಿ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಉಳಿದವು. ಅವನಿಗಾಗಿ ಏಡನ್‌ಗೆ ಹೋಗಿಬಂದ ಬೊಮ್ಮನೆಂಬ ಗುಲಾಮನ ಹೆಸರೂ ಅವುಗಳಲ್ಲಿದೆ.

ಅರಸನಲ್ಲದ ಬೊಮ್ಮ ಇಂದಿಗೂ ಚರಿತ್ರೆಯಲ್ಲಿ ಉಳಿದಿರುವುದು ಯಾರೋ ಅವನ ಹೆಸರನ್ನು ಕಾಗದಕ್ಕಿಳಿಸಿದ್ದರಿಂದ. ಅಡಿಕೆ, ಕರಿಮೆಣಸು ಹೊತ್ತು ಮಂಗಳೂರಿಗೆ ಹೋದ ನಮ್ಮ ಹಿರಿಯರ ಹೆಸರನ್ನು ಬರೆದಿಟ್ಟವರು ಯಾರು? ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ, ಬರೆದಿಡಿ. ನೀವು ಬರೆಯದಿದ್ದರೆ ಅದು ಅವರೊಂದಿಗೇ ಹೋಗುತ್ತದೆ.