‘ವೈರಸ್ ಬಂದಿದೆ’

ಮೊಬೈಲ್ ನಿಧಾನವಾದರೆ ವೈರಸ್, ಫೈಲ್ ತೆರೆಯದಿದ್ದರೆ ವೈರಸ್, ಖಾತೆಯಿಂದ ದುಡ್ಡು ಹೋದರೂ ವೈರಸ್. ಇಷ್ಟೊಂದು ಕೇಡುಗಳನ್ನು ಹೊತ್ತ ಪದ ಇನ್ನೊಂದಿದೆಯೋ ಇಲ್ಲವೋ!

ಲ್ಯಾಟಿನ್‌ನಲ್ಲಿ ಅದರ ಅರ್ಥ ವಿಷ; ನಮ್ಮ ‘ವಿಷ’ಕ್ಕೂ ಅದಕ್ಕೂ ಮೂಲ ಒಂದೇ. ಕನ್ನಡದವರು ಕಟ್ಟಿಕೊಂಡ ‘ವೈರಾಣು’ ನನಗೆ ಬಹಳ ಇಷ್ಟ: ಮೂಲದ ಸದ್ದೂ ಉಳಿಯಿತು, ವೈರವೂ ಸೇರಿತು. ಆದರೆ ಅದು ಆಸ್ಪತ್ರೆಯಲ್ಲೇ ಉಳಿಯಿತು, ಕಂಪ್ಯೂಟರಿಗೆ ವೈರಸ್ಸೇ ಗಟ್ಟಿಯಾಯಿತು.

1983ರಲ್ಲಿ ಅಮೆರಿಕದ ವಿದ್ಯಾರ್ಥಿ ಫ್ರೆಡ್ ಕೋಹೆನ್, ಬೇರೆ ಪ್ರೋಗ್ರಾಮಿನೊಳಗೆ ಸೇರಿಕೊಂಡು ತನ್ನ ಪ್ರತಿ ತಾನೇ ಮಾಡಿಕೊಳ್ಳುವ ಪ್ರೋಗ್ರಾಂ ಬರೆದಾಗ, ಈ ಹೆಸರು ಸೂಚಿಸಿದವರು ಗುರು ಲಿಯೊನಾರ್ಡ್ ಏಡಲ್‌ಮನ್. ಜೀವಕೋಶ ಸಿಗದೆ ವೈರಾಣು ಬೆಳೆಯದು. ಈ ಪ್ರೋಗ್ರಾಮಿಗೂ ಇನ್ನೊಂದರ ಆಸರೆ ಬೇಕು. 1986ರಲ್ಲಿ ಲಾಹೋರಿನ ಸೋದರರಿಬ್ಬರು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿ ಡಿಸ್ಕಿನ ಬೂಟ್ ಸೆಕ್ಟರಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಭಾಗದಲ್ಲಿ ಕೂತು, ಅಲ್ಲಿಂದ ಮೆಮೊರಿಗೆ ಏರಿ, ಆಮೇಲೆ ಹಾಕಿದ ಫ್ಲಾಪಿಗಳಿಗೆ ಇಳಿಯುತ್ತಿತ್ತು. ಬರೆದವರ ಹೆಸರು, ವಿಳಾಸ, ಫೋನ್ ನಂಬರೂ ಅದರೊಳಗಿದ್ದವು. ಫ್ಲಾಪಿ ಕೈಯಿಂದ ಕೈಗೆ ದಾಟಿದರೆ ಮಾತ್ರ ಅದಕ್ಕೆ ದಾರಿ.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ಗೆ ಆ ಕಷ್ಟವಿರಲಿಲ್ಲ. ಇಮೇಲಿಗೆ ಅಂಟಿಕೊಂಡು ಬಂದ ಪ್ರೋಗ್ರಾಂ ಅದು. ಫೈಲ್ ಹೆಸರಿನ ಕೊನೆಯ ತುಣುಕನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಸಾದಾ ಪ್ರೇಮಪತ್ರದಂತೆ ಕಂಡಿತು. ತೆರೆದರೆ ಸಾಕು, ತೆರೆದವರ ಔಟ್‌ಲುಕ್ ಎಂಬ ಇಮೇಲ್ ಪ್ರೋಗ್ರಾಮಿನಲ್ಲಿದ್ದ ವಿಳಾಸಗಳಿಗೆಲ್ಲ ತನ್ನನ್ನು ತಾನೇ ರವಾನಿಸಿಕೊಳ್ಳುತ್ತಿತ್ತು. ತಜ್ಞರು ಇಂಥದ್ದನ್ನು ವರ್ಮ್, ಅಂದರೆ ಹುಳು ಎನ್ನುತ್ತಾರೆ. ಜನ ಮೋಸಹೋದದ್ದು ಅದು ಪರಿಚಿತರ ಹೆಸರಿನಲ್ಲಿ ಬಂದದ್ದಕ್ಕೆ. ಬರೆದವನನ್ನು ಶಿಕ್ಷಿಸಲು ಆಗ ಆ ದೇಶದಲ್ಲಿ ತಕ್ಕ ಕಾನೂನೇ ಇರಲಿಲ್ಲ.

‘ವೈರಸ್ ಬಂದಿದೆ’ ಎಂಬ ಮಾತು ನನ್ನನ್ನು ಕಾಡುವುದು ಇಲ್ಲಿಯೇ. ನೆಗಡಿಯ ಹಾಗೆ ತಾನಾಗಿ ಬಂತು, ಮದ್ದು ಹಾಕಿದರೆ ಹೋಗುತ್ತದೆ ಎಂಬ ಭಾವನೆಯನ್ನು ಅದು ಬೆಳೆಸುತ್ತದೆ. ಈಗ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ವೇಷದಲ್ಲಿ ಬರುವ ಎಪಿಕೆ ಫೈಲ್, ಅಂದರೆ ಆ್ಯಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್, ಹಾಗಲ್ಲ. ನಾವು ಇನ್‌ಸ್ಟಾಲ್ ಮಾಡಿ, ಮೆಸೇಜ್ ಓದಲು ಅನುಮತಿ ಕೊಟ್ಟರೇ ಬ್ಯಾಂಕಿನ ಒಟಿಪಿ ಕಳ್ಳರ ಕೈಸೇರುವುದು. ಇದಕ್ಕೆ ಸರಿಯಾದ ಹೆಸರು ಟ್ರೋಜನ್. ವೇಷ ಹಾಕಿ ಬಂದ ವಂಚಕ. ಮೋಸಹೋದವರನ್ನು ನಾನು ದೂರುವುದಿಲ್ಲ, ನೆಂಟರ ನಂಬರಿನಿಂದ ಬಂದ ಕರೆಯೋಲೆಯನ್ನು ಯಾರು ತಾನೆ ಅನುಮಾನಿಸುತ್ತಾರೆ? ಆದರೆ ನಿಜವಾದ ಕರೆಯೋಲೆ ಫೋಟೊ ಆಗಿಯೋ ವಿಡಿಯೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ, ಒಡಹುಟ್ಟಿದವರ ನಂಬರಿನಿಂದ ಬಂದಿದ್ದರೂ ಮುಟ್ಟಬೇಡಿ. ಫೋನ್ ಮಾಡಿ ಕೇಳಿ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮನೆಯ ಹಿರಿಯರಿಗೂ ಆ ನಂಬರನ್ನು ಬರೆದುಕೊಡಿ.